ಗಾಯರಾಣದ ಹುಲ್ಲನ್ನು ತೂಗಿ ಸ್ಥಿರತೆ ಅಳೆಯುವುದು

ಜೀವವೈವಿಧ್ಯ ಹೆಚ್ಚಿದಷ್ಟೂ ಪರಿಸರ ವ್ಯವಸ್ಥೆ ಹೆಚ್ಚು ಸ್ಥಿರವಾಗಿರುತ್ತದೆ ಎಂಬ ಮಾತನ್ನು ಪದವಿ ತರಗತಿಯ ಪುಸ್ತಕಗಳು ಒಂದೇ ಸಾಲಿನಲ್ಲಿ ಹೇಳಿ ಮುಂದಿನ ಅಧ್ಯಾಯಕ್ಕೆ ಹೋಗಿಬಿಡುತ್ತವೆ. ಕಲಬುರಗಿಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ನನಗೆ ಆ ಸಾಲಿನ ಮುಂದೆ ತುಸು ಹೊತ್ತು ನಿಲ್ಲಬೇಕೆನ್ನಿಸುತ್ತದೆ. ವೈವಿಧ್ಯವನ್ನು ಹೇಗೆ ಎಣಿಸಿದರು, ಸ್ಥಿರತೆಯನ್ನು ಯಾವ ಅಳತೆಗೋಲಿನಿಂದ ಅಳೆದರು, ಎಷ್ಟು ವರ್ಷ ಅಳೆದರು ಎಂಬುದನ್ನು ಹೇಳದಿದ್ದರೆ ಆ ಮಾತು ನಿಜವೂ ಆಗಬಹುದು, ಸುಳ್ಳೂ ಆಗಬಹುದು. ಸೇಡಂ ಕಡೆಯ ಒಂದು ಗಾಯರಾಣದಲ್ಲಿ, ಅಂದರೆ ಊರ ದನಕುರಿ ಮೇಯುವ ಸಾರ್ವಜನಿಕ ಜಾಗದಲ್ಲಿ, ವಿದ್ಯಾರ್ಥಿಗಳ ಜೊತೆ ಹುಲ್ಲು ಕೊಯ್ದು ತೂಗುವ ಕೆಲಸ ನಡೆದಿದೆ. ಫಲಿತಾಂಶ ಬರೆಯುವಷ್ಟು ವರ್ಷಗಳ ಲೆಕ್ಕ ಇನ್ನೂ ಕೂಡಿಲ್ಲವಾದ್ದರಿಂದ ಈ ಬರಹ ಅಳತೆಯ ಬಗೆಗಷ್ಟೇ.

ಮೊದಲಿಗೆ ಸ್ಥಿರತೆ. ಈ ಒಂದು ಹೆಸರಿನಡಿ ಹಲವು ಬೇರೆ ಬೇರೆ ಗುಣಗಳು ಸೇರಿಕೊಂಡಿವೆ ಎಂಬುದನ್ನು ಪರಿಸರ ವಿಜ್ಞಾನಿ ಸ್ಟುವರ್ಟ್ ಪಿಮ್ 1984ರಲ್ಲಿಯೇ ಬಿಡಿಸಿ ತೋರಿಸಿದ್ದರು. ಆಘಾತ ಬಂದಾಗ ಎಷ್ಟು ಕಡಿಮೆ ಕುಸಿಯುತ್ತದೆ ಎಂಬುದು ತಾಳಿಕೆ. ಕುಸಿದ ಮೇಲೆ ಎಷ್ಟು ಬೇಗ ಮೊದಲಿನಂತಾಗುತ್ತದೆ ಎಂಬುದು ಚೇತರಿಕೆ. ಆಘಾತವೆಂದು ಬೆರಳು ಮಾಡಿ ತೋರಿಸುವಂಥದ್ದು ಏನೂ ಇಲ್ಲದಿದ್ದರೂ ವರ್ಷದಿಂದ ವರ್ಷಕ್ಕೆ ಎಷ್ಟು ಏರುಪೇರಾಗುತ್ತದೆ ಎಂಬುದು ಮತ್ತೊಂದು. 2023ರ ಬರವನ್ನೇ ತೆಗೆದುಕೊಳ್ಳೋಣ. ಆ ವರ್ಷ ರಾಜ್ಯದ ಬಹುಪಾಲು ತಾಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು. ಅಂಥ ವರ್ಷದಲ್ಲಿ ಹುಲ್ಲು ಅರ್ಧಕ್ಕೆ ಇಳಿದು ಮುಂದಿನ ಮುಂಗಾರಿಗೇ ಪೂರ್ತಿ ಎದ್ದ ಗಾಯರಾಣ ಹೆಚ್ಚು ಸ್ಥಿರವೋ, ಕಾಲು ಭಾಗ ಮಾತ್ರ ಕಳೆದುಕೊಂಡು ಮೂರು ವರ್ಷವಾದರೂ ಏಳದ ಗಾಯರಾಣ ಹೆಚ್ಚು ಸ್ಥಿರವೋ? ತಾಳಿಕೆ ಅಳೆದವರು ಎರಡನೆಯದನ್ನೂ ಚೇತರಿಕೆ ಅಳೆದವರು ಮೊದಲನೆಯದನ್ನೂ ತೋರಿಸುತ್ತಾರೆ, ಮತ್ತು ಇಬ್ಬರ ಉತ್ತರವೂ ಸರಿಯಾಗಿಯೇ ಇರುತ್ತದೆ.

ಈ ಗೊಂದಲಕ್ಕೆ ಸಾಕಷ್ಟು ಹಳೆಯ ಇತಿಹಾಸವಿದೆ. ಇಂಗ್ಲೆಂಡಿನ ಪರಿಸರ ವಿಜ್ಞಾನಿ ಚಾರ್ಲ್ಸ್ ಎಲ್ಟನ್ 1958ರಲ್ಲಿ, ಕೆಲವೇ ಪ್ರಭೇದಗಳಿರುವ ದ್ವೀಪಗಳಲ್ಲಿ ಹೊರಗಿನ ಜೀವಿಗಳು ಸುಲಭವಾಗಿ ನೆಲೆಯೂರುವುದನ್ನೂ ಒಂದೇ ಬೆಳೆಯ ಹೊಲಗಳಲ್ಲಿ ಕೀಟಗಳು ಒಮ್ಮೆಲೇ ಹೆಚ್ಚಿಬಿಡುವುದನ್ನೂ ಮುಂದಿಟ್ಟು, ಸರಳ ಸಮುದಾಯಗಳು ಬೇಗ ಕದಡುತ್ತವೆ ಎಂದು ವಾದಿಸಿದರು. ಭೌತಶಾಸ್ತ್ರದಿಂದ ಪರಿಸರ ವಿಜ್ಞಾನಕ್ಕೆ ಬಂದ ರಾಬರ್ಟ್ ಮೇ 1972ರಲ್ಲಿ ಶುದ್ಧ ಗಣಿತದ ಮೂಲಕ ಇದಕ್ಕೆ ತದ್ವಿರುದ್ಧವಾದುದನ್ನು ತೋರಿಸಿದರು: ಪ್ರಭೇದಗಳನ್ನು ಯಾವ ನಿಯಮವೂ ಇಲ್ಲದೆ ಒಂದರೊಡನೊಂದು ಹೆಣೆದರೆ, ಅವುಗಳ ಸಂಖ್ಯೆ, ನಡುವಿನ ಕೊಂಡಿಗಳ ದಟ್ಟಣೆ ಮತ್ತು ಆ ಕೊಂಡಿಗಳ ಬಲ ಒಂದು ಮಿತಿಯನ್ನು ದಾಟಿದೊಡನೆ ಇಡೀ ಹೆಣಿಗೆ ಅಸ್ಥಿರವಾಗುತ್ತದೆ. ಎರಡು ದಶಕ ಈ ಇಬ್ಬರ ಹೆಸರಿನಲ್ಲಿ ವಿದ್ವಾಂಸರು ವಾಗ್ವಾದ ನಡೆಸಿದರು. ಮೇ ಕೇಳಿದ್ದು ಪ್ರತಿಯೊಂದು ಪ್ರಭೇದದ ಸಂಖ್ಯೆಯೂ ತನ್ನ ಸಮತೋಲಕ್ಕೆ ಮರಳುತ್ತದೆಯೇ ಎಂಬ ಪ್ರಶ್ನೆಯನ್ನು. ಎಲ್ಟನ್ ನೋಡುತ್ತಿದ್ದದ್ದು ಹೊಲವನ್ನೋ ದ್ವೀಪವನ್ನೋ ಒಟ್ಟಾಗಿ. ಪ್ರಶ್ನೆಯೇ ಬೇರೆಯಾಗಿದ್ದಾಗ ಉತ್ತರ ಒಂದೇ ಆಗಿರಬೇಕೆಂದು ಹಟ ಹಿಡಿಯುವುದರಲ್ಲಿ ಅರ್ಥವಿರಲಿಲ್ಲ.

ವಾದವನ್ನು ಕಾಗದದಿಂದ ನೆಲಕ್ಕೆ ಇಳಿಸಿದ್ದು ಅಮೆರಿಕದ ಮಿನ್ನೆಸೋಟ ರಾಜ್ಯದ ಸೀಡರ್ ಕ್ರೀಕ್‌ನ ಹುಲ್ಲುಗಾವಲುಗಳು. ಅಲ್ಲಿ ಪರಿಸರ ವಿಜ್ಞಾನಿ ಡೇವಿಡ್ ಟಿಲ್ಮನ್ 1982ರಲ್ಲಿ 207 ಮಡಿಗಳಲ್ಲಿ ಸಾರಜನಕ ಗೊಬ್ಬರದ ಪ್ರಯೋಗವೊಂದನ್ನು ಆರಂಭಿಸಿದ್ದರು, ಅದರ ಉದ್ದೇಶ ಬೇರೆಯೇ ಆಗಿತ್ತು. 1988ರ ಹೊತ್ತಿಗೆ ಆ ಭಾಗದಲ್ಲಿ ಭೀಕರ ಬರ ಬಿದ್ದು, ಯಾರೂ ಯೋಜಿಸದ ಪರೀಕ್ಷೆಯೊಂದು ತಾನಾಗಿ ನಡೆದುಹೋಯಿತು. ಹೆಚ್ಚು ಪ್ರಭೇದಗಳಿದ್ದ ಮಡಿಗಳು ಬರವನ್ನು ಹೆಚ್ಚು ತಾಳಿದವು, ಹೆಚ್ಚು ಪೂರ್ತಿಯಾಗಿ ಚೇತರಿಸಿಕೊಂಡವು ಎಂದು ಟಿಲ್ಮನ್ ಮತ್ತು ಜಾನ್ ಡೌನಿಂಗ್ 1994ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಆಕ್ಷೇಪಣೆ ಬರಲು ತಡವಾಗಲಿಲ್ಲ. ಆ ಮಡಿಗಳಲ್ಲಿ ಪ್ರಭೇದಗಳು ಕಡಿಮೆಯಾಗಿದ್ದದ್ದೇ ಸಾರಜನಕ ಸುರಿದದ್ದರಿಂದ. ಹಾಗಿರುವಾಗ ಬರಕ್ಕೆ ಸೋತದ್ದು ವೈವಿಧ್ಯದ ಕೊರತೆಯಿಂದಲೋ, ಗೊಬ್ಬರ ತಿಂದು ಬೆಳೆದ ಗಿಡಗಳ ಸ್ವಭಾವದಿಂದಲೋ ಎಂದು ಬೇರ್ಪಡಿಸಿ ಹೇಳುವುದು ಹೇಗೆ? ಗೊಬ್ಬರ ಹೆಚ್ಚಾದ ಹೊಲ ಬಾಡುವುದನ್ನು ನೋಡಿ ಬಲ್ಲ ನಮ್ಮ ರೈತರೂ ಕೇಳಬಹುದಾದ ಪ್ರಶ್ನೆ ಅದು.

ಇದನ್ನು ಬೇರ್ಪಡಿಸಿ ನೋಡಬಲ್ಲ ಪ್ರಯೋಗವೊಂದರಲ್ಲಿ, 1994ರಲ್ಲಿ ಅದೇ ಸ್ಥಳದಲ್ಲಿ, ಒಂಬತ್ತು ಮೀಟರ್ ಉದ್ದ, ಒಂಬತ್ತು ಮೀಟರ್ ಅಗಲದ 168 ಮಡಿಗಳಲ್ಲಿ ಒಂದು, ಎರಡು, ನಾಲ್ಕು, ಎಂಟು, ಹದಿನಾರು ಪ್ರಭೇದಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಬಿತ್ತಲಾಯಿತು. ಬಿತ್ತದ ಗಿಡ ಯಾವುದು ಹುಟ್ಟಿದರೂ ಕೈಯಿಂದ ಕಿತ್ತು ಹಾಕಬೇಕು. ಪರಿಸರ ವಿಜ್ಞಾನದ ಈ ಪ್ರಸಿದ್ಧ ಪ್ರಯೋಗದ ಹಿಂದೆ ಕಳೆ ಕಿತ್ತ ವಿದ್ಯಾರ್ಥಿಗಳ ಸೊಂಟನೋವು ಎಷ್ಟಿರಬಹುದೆಂದು ನನಗೆ ಆಗಾಗ ಅನ್ನಿಸುವುದುಂಟು. ದಶಕದ ಲೆಕ್ಕ 2006ರಲ್ಲಿ ಪ್ರಕಟವಾಯಿತು. ಪ್ರಭೇದಗಳು ಹೆಚ್ಚಿದಂತೆ ಮಡಿಯ ಒಟ್ಟು ಇಳುವರಿ ವರ್ಷದಿಂದ ವರ್ಷಕ್ಕೆ ಹೆಚ್ಚು ಸ್ಥಿರವಾಗಿತ್ತು. ಅದೇ ಮಡಿಯೊಳಗಿನ ಒಂದೊಂದು ಪ್ರಭೇದದ ಇಳುವರಿ ಮಾತ್ರ ಹೆಚ್ಚು ಏರುಪೇರಾಗುತ್ತಿತ್ತು. ಎಲ್ಟನ್ ಅವರ ಮಾತಿಗೂ ಮೇ ಅವರ ಮಾತಿಗೂ ಒಂದೇ ಮಡಿಯಲ್ಲಿ ಜಾಗ ದೊರೆಯಿತು. 2015ರಲ್ಲಿ ಫಾರೆಸ್ಟ್ ಇಸ್ಬೆಲ್ ಮತ್ತು ಸಂಗಡಿಗರು ಇಂಥ 46 ಹುಲ್ಲುಗಾವಲು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ಅತಿವೃಷ್ಟಿಯೋ ಅನಾವೃಷ್ಟಿಯೋ ಬಂದ ವರ್ಷ ಒಂದೆರಡು ಪ್ರಭೇದಗಳ ಮಡಿಗಳ ಇಳುವರಿ ಸುಮಾರು ಶೇಕಡಾ 50ರಷ್ಟು ಬದಲಾಗಿತ್ತು, 16ರಿಂದ 32 ಪ್ರಭೇದಗಳ ಮಡಿಗಳಲ್ಲಿ ಅದು ಸುಮಾರು ಶೇಕಡಾ 25 ಮಾತ್ರ. ಆದರೆ ಚೇತರಿಕೆಯ ವೇಗದಲ್ಲಿ ವೈವಿಧ್ಯದಿಂದ ಅಂಥ ವ್ಯತ್ಯಾಸ ಕಾಣಲಿಲ್ಲ. ಒಂದು ಅಳತೆಯಲ್ಲಿ ಹೌದು, ಇನ್ನೊಂದರಲ್ಲಿ ಇಲ್ಲ.

ಒಟ್ಟು ಗಟ್ಟಿಯಾಗಿ ನಿಂತು ಬಿಡಿ ಬಿಡಿ ಭಾಗಗಳು ಅಲುಗಾಡುವುದು ಹೇಗೆ ಸಾಧ್ಯವೆಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಕಪ್ಪುಹಲಗೆಯ ಮೇಲೆ ಒಂದು ಚಿಕ್ಕ ಲೆಕ್ಕ ಮಾಡಿಸುತ್ತೇನೆ. ಅಂಕಿಗಳು ಪಾಠಕ್ಕಾಗಿ ಹುಟ್ಟಿಸಿದವು. ಒಂದು ಚದರ ಮೀಟರಿನಲ್ಲಿ ಎರಡೇ ಜಾತಿಯ ಹುಲ್ಲಿದೆ ಎಂದುಕೊಳ್ಳಿ. ಮೊದಲನೆಯದರ ಒಣತೂಕ ನಾಲ್ಕು ವರ್ಷಗಳಲ್ಲಿ ಕ್ರಮವಾಗಿ 120, 60, 140, 80 ಗ್ರಾಂ. ಸರಾಸರಿ 100, ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆ) 36.5. ಎರಡನೆಯದು 80, 110, 70, 100 ಗ್ರಾಂ. ಸರಾಸರಿ 90, ಮಾನಕ ವಿಚಲನೆ 18.3. ಸರಾಸರಿಯನ್ನು ಮಾನಕ ವಿಚಲನೆಯಿಂದ ಭಾಗಿಸಿದರೆ ಬರುವುದೇ ಸೀಡರ್ ಕ್ರೀಕ್‌ನವರು ಬಳಸಿದ ಸ್ಥಿರತೆಯ ಅಳತೆ: ಮಾನಕ ವಿಚಲನೆಯನ್ನು ಸರಾಸರಿಯಿಂದ ಭಾಗಿಸಿ ಪಡೆಯುವ ಮಾರ್ಪಿನ ಗುಣಾಂಕವನ್ನು ತಲೆಕೆಳಗು ಮಾಡಿದಂತೆ. ಮೊದಲ ಹುಲ್ಲಿಗೆ ಅದು 2.7, ಎರಡನೆಯದಕ್ಕೆ 4.9. ಈಗ ಎರಡನ್ನೂ ಕೂಡಿಸಿ. ಒಟ್ಟು ತೂಕ 200, 170, 210, 180. ಸರಾಸರಿ 190, ಮಾನಕ ವಿಚಲನೆ ಮತ್ತೆ 18.3, ಸ್ಥಿರತೆ 10.4. ಬಿಡಿಯಾಗಿ ನೋಡಿದಾಗ ಎರಡರಲ್ಲಿ ಯಾವುದಕ್ಕೂ ಇಲ್ಲದ ಸ್ಥಿರತೆ ಒಟ್ಟಿಗೆ ಬಂತು, ಏಕೆಂದರೆ ಮೊದಲನೆಯದು ಇಳಿದ ವರ್ಷವೇ ಎರಡನೆಯದು ಏರಿತ್ತು.

ಪಾಠದ ತಿರುಳಿರುವುದು ಇದರ ಮುಂದಿನ ಹೆಜ್ಜೆಯಲ್ಲಿ. ಎರಡನೆಯ ಹುಲ್ಲಿನ ಅವೇ ನಾಲ್ಕು ಅಂಕಿಗಳ ಸರಾಸರಿಯನ್ನೂ ಏರಿಳಿತವನ್ನೂ ಹಾಗೆಯೇ ಉಳಿಸಿಕೊಂಡು ವರ್ಷಗಳ ಜೋಡಣೆಯನ್ನಷ್ಟೇ ಬದಲಿಸಿ, 100, 70, 110, 80 ಎಂದು ಬರೆಯಿರಿ. ಈಗ ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಒಟ್ಟು 220, 130, 250, 160. ಸರಾಸರಿ ಅದೇ 190; ಮಾನಕ ವಿಚಲನೆ 54.8, ಸ್ಥಿರತೆ 3.5ಕ್ಕೆ ಕುಸಿಯಿತು. ಪ್ರಭೇದಗಳ ಸಂಖ್ಯೆ ಎರಡೇ, ಇಳುವರಿ ಅಷ್ಟೇ, ಸ್ಥಿರತೆ ಮೂರನೆಯ ಒಂದು ಪಾಲು. ಹಾಗಾದರೆ ಪ್ರಭೇದಗಳನ್ನು ಎಣಿಸಿ ನಿಲ್ಲಿಸಿದವರಿಗೆ ಈ ಎರಡು ಮಡಿಗಳ ವ್ಯತ್ಯಾಸ ಕಾಣುವುದೇ ಇಲ್ಲ. ಅದನ್ನು ಕಾಣಿಸುವ ಅಳತೆಯೊಂದನ್ನು ಮಿಶೆಲ್ ಲೊರೊ ಮತ್ತು ಕ್ಲೇರ್ ದ ಮಜಾಂಕೂರ್ 2008ರಲ್ಲಿ ಕೊಟ್ಟರು: ಒಟ್ಟು ತೂಕದ ಮಾನಕ ವಿಚಲನೆಯ ವರ್ಗವನ್ನು, ಎಲ್ಲ ಪ್ರಭೇದಗಳ ಮಾನಕ ವಿಚಲನೆಗಳ ಮೊತ್ತದ ವರ್ಗದಿಂದ ಭಾಗಿಸಬೇಕು. ಎಲ್ಲವೂ ಒಂದೇ ತಾಳಕ್ಕೆ ಕುಣಿದರೆ ಉತ್ತರ 1; ಪರಸ್ಪರ ಪೂರ್ತಿ ಸರಿದೂಗಿಸಿಕೊಂಡರೆ 0. ನಮ್ಮ ಎರಡನೆಯ ಜೋಡಣೆಯಲ್ಲಿ ಅದು 1, ಮೊದಲನೆಯದರಲ್ಲಿ ಸುಮಾರು 0.11. ಏಕಕಾಲಿಕತೆ ಎಂದು ನಾವು ತರಗತಿಯಲ್ಲಿ ಕರೆಯುವ ಈ ಸಂಖ್ಯೆಯೇ, ನನ್ನ ಅಭಿಪ್ರಾಯದಲ್ಲಿ, ಇಡೀ ವಿಷಯದ ಕೀಲಿ.

ಮೂವರು ಅಣ್ಣತಮ್ಮಂದಿರಲ್ಲಿ ಒಬ್ಬ ಹೊಲ ನೋಡಿಕೊಂಡು, ಒಬ್ಬ ಶಹಾಬಾದಿನ ಕಲ್ಲಿನ ಗಣಿಗೆ ಹೋಗಿ, ಒಬ್ಬ ಹೈದರಾಬಾದಿನಲ್ಲಿ ಆಟೊ ಓಡಿಸುವ ಮನೆಗೂ, ಮೂವರೂ ಅದೇ ಹೊಲವನ್ನು ನಂಬಿಕೊಂಡ ಮನೆಗೂ ಇರುವ ವ್ಯತ್ಯಾಸ ಇದು. ದುಡಿಯುವ ಕೈಗಳ ಎಣಿಕೆ ಎರಡೂ ಕಡೆ ಮೂರೇ. ಇದು ಬರೀ ಅಂಕಗಣಿತವಲ್ಲವೇ, ಇದರಲ್ಲಿ ಜೀವಶಾಸ್ತ್ರವೇನಿದೆ ಎಂಬ ತಕರಾರೂ ಇದೆ, ಅದರಲ್ಲಿ ಹುರುಳೂ ಇದೆ. ಒಂದಕ್ಕೊಂದು ಸಂಬಂಧವೇ ಇಲ್ಲದೆ ಏರಿಳಿಯುವ ಹಲವು ಸಂಖ್ಯೆಗಳನ್ನು ಕೂಡಿಸಿದರೆ ಮೊತ್ತದ ಏರುಪೇರು ಪ್ರಮಾಣದಲ್ಲಿ ಕಡಿಮೆಯಾಗಲೇಬೇಕು, ಅದಕ್ಕೆ ಹುಲ್ಲೇ ಬೇಕಾಗಿಲ್ಲ ಎಂದು ಡೇನಿಯಲ್ ಡೋಕ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಆದರೆ ಪ್ರಭೇದಗಳು ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯುತ್ತವೆಯೋ, ಒಟ್ಟಿಗೆ ಏರಿಳಿಯುತ್ತವೆಯೋ ಎಂಬುದನ್ನು ಅಂಕಗಣಿತ ಹೇಳಲಾರದು. ಬೇರು ಎಷ್ಟು ಆಳಕ್ಕೆ ಇಳಿದಿದೆ, ಹೂ ಯಾವ ತಿಂಗಳಲ್ಲಿ ಬಿಡುತ್ತದೆ, ಯಾವ ರೋಗ ಯಾವುದಕ್ಕೆ ತಗಲುತ್ತದೆ ಎಂಬುದೇ ಅದನ್ನು ತೀರ್ಮಾನಿಸುತ್ತದೆ.

ನಮ್ಮ ಎರೆ ಹೊಲಗಳಲ್ಲಿ ಇದಕ್ಕೆ ಬೇಕಾದಷ್ಟು ಉದಾಹರಣೆಗಳಿವೆ. ಮುಂಗಾರಿಗೆ ಬಿತ್ತಿದ ಹೆಸರು ರಾಶಿಗೆ ಬರುವ ಹೊತ್ತಿನಲ್ಲಿ ಬಿಡದೆ ಮಳೆ ಹಿಡಿದರೆ ಕಾಯಿ ಗಿಡದಲ್ಲೇ ಮೊಳೆತು ಕಾಳು ಕೆಡುತ್ತದೆ. ಅದೇ ಮಳೆ ಎರೆ ಮಣ್ಣಿನಲ್ಲಿ ಇಂಗಿ ಹಿಂಗಾರಿಯ ಬಿಳಿಜೋಳಕ್ಕೂ ಕಡಲೆಗೂ ಹಸಿಯಾಗಿ ಉಳಿಯುತ್ತದೆ. ಒಂದೇ ಮೋಡ ಒಂದು ಬೆಳೆಯನ್ನು ಕೆಡಿಸಿ ಇನ್ನೊಂದನ್ನು ಬೆಳೆಸುತ್ತದೆ, ಹೀಗಾಗಿ ಎರಡೂ ಇರುವ ಒಕ್ಕಲುತನದ ಏಕಕಾಲಿಕತೆ ಕಡಿಮೆ. ಇನ್ನು ತೊಗರಿ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ತೊಗರಿಯ ಕಣಜವೆಂಬ ಬಿರುದು ಅದಕ್ಕೂ ಹಳೆಯದು. 2022ರ ಕೊನೆಗೆ ಹೂ-ಕಾಯಿಯ ಹಂತದಲ್ಲಿ ನೆಟೆ ರೋಗ ಬಿದ್ದಾಗ ಜಿಲ್ಲೆಯ ಹೊಲಗಳು ಸಾಲು ಸಾಲಾಗಿ ಒಣಗಿ ನಿಂತವು. ಈ ರೋಗದ ಮೂಲ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುವ ಫ್ಯುಸೇರಿಯಂ ಶಿಲೀಂಧ್ರ. ಅದು ಬೇರಿನ ಮೂಲಕ ಒಳನುಗ್ಗಿ ನೀರೇರುವ ನಾಳಗಳನ್ನು ಕಟ್ಟಿಬಿಡುತ್ತದೆ. ಒಣಗಿದ ಗಿಡದ ಕಾಂಡವನ್ನು ಸೀಳಿದರೆ ತೊಗಟೆಯ ಕೆಳಗೆ ಉದ್ದಕ್ಕೆ ಕಂದುಗಪ್ಪು ಗೆರೆಗಳು ಕಾಣುತ್ತವೆ. ತೊಗರಿಯ ಸಾಲುಗಳ ನಡುವೆ ಜೋಳವಿದ್ದ ಹೊಲದಲ್ಲಿ ನೆಟೆ ಕಡಿಮೆ ಎಂಬುದು ಪ್ರಯೋಗಗಳಲ್ಲಿಯೂ ಕಂಡ ಸಂಗತಿ. ಒಂದು ಹೊಲವನ್ನು ಒಂದು ಪ್ರಭೇದದಂತೆ ಎಣಿಸಿ ಇಡೀ ತಾಲೂಕಿನ ಏಕಕಾಲಿಕತೆಯನ್ನು ಲೆಕ್ಕ ಹಾಕಿದರೆ, ಅಂಥ ವರ್ಷಗಳಿರುವ ಸರಣಿಯಲ್ಲಿ ಉತ್ತರ 1ರ ಹತ್ತಿರಕ್ಕೆ ಹೋಗುವುದರಲ್ಲಿ ಆಶ್ಚರ್ಯವಿಲ್ಲ.

ಯಾವುದರ ಎದುರು ಸ್ಥಿರತೆ ಎಂಬ ಪ್ರಶ್ನೆಯನ್ನೂ ತೊಗರಿಯೇ ಚೆನ್ನಾಗಿ ಕಲಿಸುತ್ತದೆ. ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿ ಒಣಭೂಮಿಯ ಬೆಳೆಗಳ ಮೇಲೆ ಸಂಶೋಧನೆ ನಡೆಸುವ ಅಂತರರಾಷ್ಟ್ರೀಯ ಸಂಸ್ಥೆ ಇಕ್ರಿಸ್ಯಾಟ್‌ನಿಂದ ಬಂದು 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆಯಾದ ಮಾರುತಿ ತಳಿ ನೆಟೆ ರೋಗವನ್ನು ತಡೆದುಕೊಳ್ಳುತ್ತದೆ. ನುಸಿಯಿಂದ ಹರಡುವ ಗೊಡ್ಡು ರೋಗಕ್ಕೆ ಅದೇ ತಳಿ ಸುಲಭದ ತುತ್ತು. ನೆಟೆಯ ವರ್ಷ ಅಳೆದರೆ ಮಾರುತಿಯ ಹೊಲ ಸ್ಥಿರ, ಗೊಡ್ಡು ಬಿದ್ದ ವರ್ಷ ಅಳೆದರೆ ಅಸ್ಥಿರ. ದೇಶಗಳ ಮಟ್ಟದಲ್ಲಿಯೂ ಈ ಅಳತೆ ನಡೆದಿದೆ: ಡೆಲ್ಫಿನ್ ರೆನಾರ್ ಮತ್ತು ಟಿಲ್ಮನ್ 2019ರಲ್ಲಿ 91 ದೇಶಗಳ, 176 ಬೆಳೆಗಳ, ಐವತ್ತು ವರ್ಷಗಳ ಅಂಕಿಅಂಶಗಳನ್ನು ನೋಡಿ, ಬೆಳೆಗಳ ವೈವಿಧ್ಯ ಹೆಚ್ಚಿರುವ ದೇಶದ ಒಟ್ಟು ಇಳುವರಿ ಹೆಚ್ಚು ಸ್ಥಿರವೆಂದು ತೋರಿಸಿದರು.

ಗಾಯರಾಣಕ್ಕೆ ಬರೋಣ. ಅಲ್ಲಿ ಯಾರೂ ಬಿತ್ತಿಲ್ಲ, ಚೀಟಿ ಎತ್ತಿಲ್ಲ. ಹೀಗಾಗಿ ಪ್ರಭೇದ ಹೆಚ್ಚಿರುವ ಜಾಗದಲ್ಲಿ ಮಣ್ಣೂ ಹೆಚ್ಚು ಆಳವಾಗಿರಬಹುದು, ದನಗಳ ಓಡಾಟವೂ ಕಡಿಮೆಯಿರಬಹುದು, ಮತ್ತು ಸೀಡರ್ ಕ್ರೀಕ್‌ನ ಮೊದಲ ಪ್ರಯೋಗಕ್ಕೆ ಬಂದ ಆಕ್ಷೇಪಣೆ ಇನ್ನೂ ಜೋರಾಗಿ ನಮಗೂ ಬರುತ್ತದೆ. ಆದ್ದರಿಂದ ಪ್ರತಿ ಚೌಕಟ್ಟಿನ ಪಕ್ಕದಲ್ಲಿ ಕಬ್ಬಿಣದ ಸಲಾಕೆ ಇಳಿಸಿ ಫರಸಿ ಕಲ್ಲು ಎಷ್ಟು ಆಳದಲ್ಲಿ ತಗಲುತ್ತದೆಂದು ಬರೆದಿಡುತ್ತೇವೆ. ಮಳೆಗಾಲ ಮುಗಿಯುವ ಹೊತ್ತಿಗೆ ಹುಲ್ಲು ತೆನೆ ಹಾಯ್ದಾಗ, ಒಂದು ಮೀಟರಿನ ಚೌಕಟ್ಟನ್ನು ನೆಲಕ್ಕಿಟ್ಟು ಒಳಗಿನದನ್ನೆಲ್ಲ ಕುಡಗೋಲಿನಿಂದ ಬುಡಕ್ಕೆ ಕೊಯ್ದು, ಜಾತಿವಾರು ಬೇರ್ಪಡಿಸಿ ಕಾಗದದ ಚೀಲಗಳಿಗೆ ತುಂಬಿ, ಓವನ್‌ನಲ್ಲಿ ತೂಕ ಇನ್ನು ಇಳಿಯದು ಎನ್ನುವವರೆಗೆ ಒಣಗಿಸಿ ತೂಗುವುದು. ಹೇಳುವುದಕ್ಕೆ ಒಂದು ವಾಕ್ಯ, ಮಾಡುವುದಕ್ಕೆ ಇಡೀ ದಿನ. ಬೇರ್ಪಡಿಸುವುದೇ ಕಷ್ಟದ ಕೆಲಸ, ಏಕೆಂದರೆ ತೆನೆ ಉದುರಿದ ಹುಲ್ಲುಗಳು ಮೇಲ್ನೋಟಕ್ಕೆ ಎಲ್ಲವೂ ಒಂದೇ. ಮಾರ್ವೆಲ್ ಹುಲ್ಲಿನ ಗಿಣ್ಣಿನ ಸುತ್ತ ಬಿಳಿ ಕೂದಲಿನ ಸಣ್ಣ ಉಂಗುರವಿರುತ್ತದೆ. ಲೆನ್ಸ್ ಹಿಡಿದು ಅದನ್ನು ಒಮ್ಮೆ ಕಂಡವರು ಆಮೇಲೆ ಬೆರಳು ಆಡಿಸಿಯೇ ಗುರುತಿಸುತ್ತಾರೆ. ಹೆಟೆರೊಪೊಗಾನ್ ಹುಲ್ಲನ್ನು ಹುಡುಕಬೇಕಾಗಿಯೇ ಇಲ್ಲ: ಬೀಜದ ಬಾಲಗಳು ಒಂದಕ್ಕೊಂದು ಹುರಿಗೊಂಡು ಜಡೆಯಾಗಿರುತ್ತವೆ, ಚೂಪು ತುದಿಗಳು ಪ್ಯಾಂಟಿನಲ್ಲಿ ನೆಟ್ಟುಕೊಂಡು ಮನೆಯವರೆಗೂ ಬರುತ್ತವೆ.

ವೈವಿಧ್ಯವನ್ನು ಎಣಿಸುವಲ್ಲಿಯೂ ಒಂದು ತೊಡಕಿದೆ. ಹನ್ನೆರಡು ಜಾತಿ ಸಿಕ್ಕ ಚೌಕಟ್ಟನ್ನು ಶ್ರೀಮಂತವೆನ್ನಬೇಕೆ? ತೂಕದ ಶೇಕಡಾ 90 ಕಾಂಗ್ರೆಸ್ ಕಸವೇ ಆಗಿದ್ದು, ಉಳಿದ ಹನ್ನೊಂದು ಸೇರಿ ಶೇಕಡಾ 10ನ್ನು ಸಮನಾಗಿ ಹಂಚಿಕೊಂಡಿವೆ ಎಂದು ಊಹಿಸಿ. ಎಡ್ವರ್ಡ್ ಸಿಂಪ್ಸನ್ 1949ರಲ್ಲಿ ಕೊಟ್ಟ ಸೂತ್ರದಿಂದ ಬರುವ ಲೆಕ್ಕದಲ್ಲಿ, ಪ್ರತಿ ಪ್ರಭೇದದ ಪಾಲನ್ನು ವರ್ಗ ಮಾಡಿ ಕೂಡಿಸಿ ಆ ಮೊತ್ತದಿಂದ ಒಂದನ್ನು ಭಾಗಿಸಿದರೆ ಉತ್ತರ ಸುಮಾರು 1.2. ಹೆಸರಿಗೆ ಹನ್ನೆರಡು, ಕೆಲಸಕ್ಕೆ ಒಂದೂ ಚಿಲ್ಲರೆ. ಕಾಂಗ್ರೆಸ್ ಕಸ ಸೋತ ವರ್ಷ ಅದರ ಜಾಗ ತುಂಬುವ ಶಕ್ತಿ ಅಷ್ಟು ಸಣ್ಣ ಪಾಲಿನ ಹನ್ನೊಂದಕ್ಕೆ ಇರುವುದು ಅನುಮಾನ. ನಾವು ಎರಡೂ ಸಂಖ್ಯೆಗಳನ್ನು ಬರೆದಿಡುತ್ತೇವೆ.

ಕುರಿಗಳ ಸಮಸ್ಯೆ ಇನ್ನೂ ನಾಜೂಕಿನದು. ಬೇಲಿ ಹಾಕದಿದ್ದರೆ ನಾವು ತೂಗುವುದು ಕುರಿ ತಿಂದು ಉಳಿಸಿದ್ದನ್ನು. ಕಾಯಂ ಬೇಲಿ ಹಾಕಿದರೆ ಮೇಯದ ಹುಲ್ಲು ಎತ್ತರ ಬೆಳೆದು ಗಿಡ್ಡ ಜಾತಿಗಳಿಗೆ ಬಿಸಿಲು ತಪ್ಪಿಸುತ್ತದೆ, ಅಳೆಯಲು ಹೊರಟ ಸಮುದಾಯವೇ ಬೇರೆಯಾಗುತ್ತದೆ. ಸದ್ಯಕ್ಕೆ ತಂತಿಯ ಪಂಜರಗಳನ್ನು ಪ್ರತಿ ಹಂಗಾಮಿಗೆ ಜಾಗ ಬದಲಿಸಿ ಇಡುವುದು ನಾವು ಒಪ್ಪಿಕೊಂಡಿರುವ ದಾರಿ. ಪಂಜರ ಸರಿಸುತ್ತಿದ್ದಾಗ ಅಲ್ಲೇ ಕುರಿ ಕಾಯುತ್ತಿದ್ದ ಹಿರಿಯರೊಬ್ಬರು ಕೇಳಿದ್ದರು: “ಮಾಸ್ತರ, ಮಳಿ ಚಲೋ ಆದ ವರ್ಷ ತೂಗಿ ಏನ್ ತಿಳಿತದ್ರಿ? ಬರ ಬಿದ್ದಾಗ ಬರ್ರಿ, ಯಾವ ಹುಲ್ಲು ಜೀವ ಹಿಡಿತದ ಅನ್ನೋದು ಆವಾಗ ಕಾಣ್ತದ.” “ಎರಡೂ ವರ್ಷ ಬರ್ತೀವ್ರಿ ಕಾಕಾ” ಎಂದೆ. ಒಳ್ಳೆಯ ವರ್ಷ ಇಲ್ಲದೆ ಸರಾಸರಿ ಇಲ್ಲ, ಕೆಟ್ಟ ವರ್ಷ ಇಲ್ಲದೆ ವಿಚಲನೆ ಇಲ್ಲ. ಎರಡು ಮೂರು ವರ್ಷಗಳ ತೂಕದಿಂದ ಹೊರಡುವ ಮಾನಕ ವಿಚಲನೆಯನ್ನು ನೆಚ್ಚಿಕೊಳ್ಳುವಂತಿಲ್ಲ, ಇನ್ನೊಂದೇ ವರ್ಷ ಸೇರಿಸಿದರೆ ಅದು ಪೂರ್ತಿ ಬದಲಾಗಬಹುದು. ಮೂರು ವರ್ಷಕ್ಕೆ ಮುಗಿಯುವ ಸಂಶೋಧನಾ ಅನುದಾನಗಳಿಂದ ಇಂಥ ಕೆಲಸ ಸಾಗದಿರುವುದಕ್ಕೆ ಇದೇ ಕಾರಣ. ಹಾಗೆಯೇ, ಮೇಯಿಸುವುದು ಕಡಿಮೆಯಾಗಿ ಹುಲ್ಲು ವರ್ಷ ವರ್ಷಕ್ಕೆ ಒಂದೇ ದಿಕ್ಕಿನಲ್ಲಿ ಹೆಚ್ಚುತ್ತಿದ್ದರೆ ಆ ಏರಿಕೆಯನ್ನು ಕಳೆದು ಉಳಿದ ಏರುಪೇರನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು.

ಸ್ಥಿರತೆಯ ಸಂಖ್ಯೆ ದೊಡ್ಡದಾಗಿದ್ದರೆ ಜಾಗ ಚೆನ್ನಾಗಿದೆ ಎಂದು ತಿಳಿಯುವ ಅಭ್ಯಾಸಕ್ಕೆ ನನ್ನ ಒಪ್ಪಿಗೆಯಿಲ್ಲ. ಬಳ್ಳಾರಿ ಜಾಲಿ ಪೂರ್ತಿ ಮುಚ್ಚಿಕೊಂಡ ಕೆರೆಯಂಗಳ ಬಹಳ ಸ್ಥಿರ. ಆಳಕ್ಕೆ ಬೇರು ಬಿಟ್ಟ ಆ ಗಿಡ ಬರದ ವರ್ಷವೂ ಹಸಿರಾಗಿಯೇ ಇರುತ್ತದೆ, ಅದರ ಅಡಿಯಲ್ಲಿ ಹುಲ್ಲು ಮಾತ್ರ ಇರುವುದಿಲ್ಲ. ಒಟ್ಟು ಜೀವರಾಶಿಯನ್ನು ತೂಗಿದರೆ ಅದಕ್ಕೆ ಬರುವ ಅಂಕ ಪಕ್ಕದ ಹದಿನೈದು ಜಾತಿಯ ಗಾಯರಾಣಕ್ಕಿಂತ ಹೆಚ್ಚೇ ಇದ್ದೀತು. ಹೀಗಾಗಿ ನಮ್ಮ ತಖ್ತೆಯಲ್ಲಿ ಒಟ್ಟು ಒಣತೂಕ, ಅದರ ಸ್ಥಿರತೆ, ಏಕಕಾಲಿಕತೆ, ಮಣ್ಣಿನ ಆಳ ಎಂಬ ಅಂಕಣಗಳ ಪಕ್ಕದಲ್ಲಿ ಕುರಿ ತಿನ್ನುವ ಹುಲ್ಲಿನ ತೂಕವನ್ನೂ ಅದರದ್ದೇ ಸ್ಥಿರತೆಯನ್ನೂ ಪ್ರತ್ಯೇಕವಾಗಿ ಬರೆಯುತ್ತಿದ್ದೇವೆ, ಯಾವ ಜಾತಿಯನ್ನು ಕುರಿ ತಿನ್ನುತ್ತದೆ, ಯಾವುದನ್ನು ಮೂಸಿ ಬಿಡುತ್ತದೆ ಎಂಬ ಪಟ್ಟಿಯನ್ನು ಆ ಕಾಕಾನವರಿಂದಲೇ ಕೇಳಿ ಬರೆದುಕೊಂಡು.